ಬಿನ್ನವತ್ತಳೆಯೊಳಗೊಂದು ವಾಲಿಬಾಲ್

ನಮ್ಮ ಆಫೀಸಿನಲ್ಲಿ ಯಾರೇ ರಿಟೈರ್ ಆಗಲಿ, ಬಿನ್ನವತ್ತಳೆ ಬರೆಯುವ ಕೆಲಸ ನನ್ನ ತಲೆಗೇ ಬೀಳುತ್ತದೆ. ಹದಿನೈದು ವರ್ಷದಿಂದ ಹೀಗೇ. ಒಂದು ಸಲ ಯಾರಿಗೋ ಚೆನ್ನಾಗಿ ಬರೆದುಕೊಟ್ಟೆ, ಅದೇ ತಪ್ಪಾಯ್ತು. ಶಾಲು, ಪೇಟ, ಗಂಧದ ಹಾರ ತರುವುದು ಒಬ್ಬರ ಪಾಲು. ಊಟಕ್ಕೆ ಹೇಳುವುದು ಇನ್ನೊಬ್ಬರ ಪಾಲು. 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ನನ್ನ ಪಾಲು.

ಇದಕ್ಕೆಂದೇ ಕಂಪ್ಯೂಟರಿನಲ್ಲಿ ಒಂದು ಫೈಲ್ ಇದೆ. ಹೆಸರು, ಹುಟ್ಟೂರು, ಸೇವೆಗೆ ಸೇರಿದ ದಿನಾಂಕ ಬದಲಾಯಿಸಿದರೆ ಮುಗಿಯಿತು. ಆರು ವರ್ಷದ ಹಿಂದೆ ನಮ್ಮ ಸೂಪರಿಂಟೆಂಡೆಂಟ್ ಒಬ್ಬರು ನಿವೃತ್ತರಾದರು. ಮಾರ್ಚ್ ತಿಂಗಳ ಕೊನೆ, ಬಿಲ್ಲುಗಳ ರಾಶಿ, ಉಸಿರಾಡಲು ಪುರುಸೊತ್ತಿಲ್ಲ. ಹಿಂದಿನ ಸಲದ ಬಿನ್ನವತ್ತಳೆಯನ್ನೇ ತೆಗೆದು ಅಲ್ಲಲ್ಲಿ ತಿದ್ದಿ ಫ್ರೇಮಿಗೆ ಕಳಿಸಿದೆ. ಒಂದು ಸಾಲು ಹಾಗೇ ಉಳಿದುಬಿಟ್ಟಿತು. 'ತಾರುಣ್ಯದಲ್ಲಿ ವಾಲಿಬಾಲ್ ಅಂಗಳದಲ್ಲಿ ಮಿಂಚಿ ಜಿಲ್ಲೆಗೆ ಕೀರ್ತಿ ತಂದ ತಾವು...'

ಆ ಸಾಹೇಬರಿಗೆ ಹುಟ್ಟಿನಿಂದ ಆಸ್ತಮಾ. ಎರಡನೇ ಮಹಡಿಗೆ ಬರುವಷ್ಟರಲ್ಲಿ ಜೇಬಿನಿಂದ ಇನ್‌ಹೇಲರ್ ತೆಗೆಯುತ್ತಿದ್ದವರು. ವೇದಿಕೆಯ ಮೇಲೆ ಓದಿದವರಿಗೆ ಇದು ಹೊಳೆಯಲಿಲ್ಲ, ಕೆಳಗೆ ಕೂತು ಕೇಳಿದವರಿಗೂ ಹೊಳೆಯಲಿಲ್ಲ. ಆ ಸಾಲಿಗೇ ಚಪ್ಪಾಳೆ ಜಾಸ್ತಿ ಬಿತ್ತು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಸಾಹೇಬರು ನನ್ನ ಹತ್ತಿರ ಬಂದರು. "ಏನ್ರೀ, ನಾನು ಯಾವಾಗ ವಾಲಿಬಾಲ್ ಆಡಿದೆ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸರಿಮಾಡಿ ಬೇರೆ ಫ್ರೇಮ್ ಹಾಕಿಸಿಕೊಡ್ತೀನಿ ಸರ್ ಅಂದೆ. "ಇರಲಿ ಬಿಡ್ರೀ. ಈ ವಯಸ್ಸಲ್ಲಾದ್ರೂ ಆಡಿದ ಹಾಗಾಯ್ತು" ಅಂತ ನಕ್ಕು ಹೊರಟುಹೋದರು. ಫ್ರೇಮ್ ಅವರ ಮನೆ ಸೇರಿತು.

ಆ ನಾಚಿಕೆ ಇನ್ನೂ ಆರಿರದ ದಿನಗಳಲ್ಲೇ ಬೆಂಗಳೂರಿನ ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಹಳೇ ಲ್ಯಾಟಿನ್ ಡಿಕ್ಷನರಿ ಕಣ್ಣಿಗೆ ಬಿತ್ತು. ಬೆನ್ನು ಕಿತ್ತುಹೋಗಿತ್ತು. ನೂರೈವತ್ತಕ್ಕೆ ಕೊಟ್ಟ. ಲ್ಯಾಟಿನ್ ಕಲಿಯುವ ಹುಚ್ಚು ಮೊದಲೇ ಸ್ವಲ್ಪ ಇತ್ತು, ಲಾಕ್‌ಡೌನಿನಲ್ಲಿ ಅದು ಪೂರ್ತಿ ತಲೆಗೇರಿತು. ನನ್ನ ಕಸುಬಿನ ಪದವನ್ನೇ ಮೊದಲು ಹುಡುಕಿದೆ: ಹೊಗಳಿಕೆ. ಲೌಸ್. ಅದರ ಕ್ರಿಯಾಪದ ಲೌದಾರೆ, ಹೊಗಳುವುದು. ದೊಡ್ಡ ಯೂನಿವರ್ಸಿಟಿಗಳ ಡಿಗ್ರಿ ಸರ್ಟಿಫಿಕೇಟಿನಲ್ಲಿ 'ಕುಮ್ ಲೌದೆ' ಅಂತ ಬರೆದಿರುತ್ತದಲ್ಲ, ಅದೇ. ಹೊಗಳಿಕೆಯೊಂದಿಗೆ ಪಾಸು ಅಂತ.

ಅಲ್ಲಿಂದ ಶುರುವಾದದ್ದು ಇನ್ನೂ ಮುಗಿದಿಲ್ಲ. ಯಾಕೆಂದರೆ ರೋಮಿನವರ ಹೊಗಳಿಕೆಯ ಪದಗಳಲ್ಲಿ ಬಹುಪಾಲಿಗೆ ಎರಡು ಜೇಬು. ಒಂದರಲ್ಲಿ ಹಾರ, ಇನ್ನೊಂದರಲ್ಲಿ ಏನಿದೆಯೋ ಕೈ ಹಾಕಿದರೇ ಗೊತ್ತು.

ಲೌದಾರೆಯನ್ನೇ ನೋಡಿ. ಕ್ರಿ.ಶ. 2ನೇ ಶತಮಾನದಲ್ಲಿ ಔಲುಸ್ ಗೆಲ್ಲಿಯುಸ್ ಅಂತ ಒಬ್ಬ ಇದ್ದ. ಓದಿದ್ದು ಕೇಳಿದ್ದನ್ನೆಲ್ಲ ಟಿಪ್ಪಣಿ ಮಾಡಿಟ್ಟುಕೊಳ್ಳುವ ಜಾತಿ. ಅವನು ಹೇಳುತ್ತಾನೆ: ಹಳೇ ಲ್ಯಾಟಿನ್ನಿನಲ್ಲಿ ಲೌದಾರೆ ಅಂದರೆ ಸುಮ್ನೆ ಹೆಸರು ಹೇಳುವುದು, ಹೆಸರಿಡಿದು ಕರೆಯುವುದು. ಕೋರ್ಟಿನ ವ್ಯಾಜ್ಯದಲ್ಲಿ 'ಇಂಥವರಿಂದ ಕೊಂಡೆ' ಅಂತ ಒಬ್ಬನ ಹೆಸರು ಹೇಳಿದರೆ ಅದೂ ಲೌದಾರೆಯೇ. ಹಾಗಾದರೆ ಇನ್‌ಲೌದಾತುಸ್, ಹೊಗಳಿಸಿಕೊಳ್ಳದವನು, ಅಂದರೆ ಯಾರು? ಹೆಸರೆತ್ತಲೂ ಲಾಯಕ್ಕಿಲ್ಲದವನು. 'ಅವನ ಹೆಸರು ಎತ್ತಬೇಡ' ಅಂತ ನಮ್ಮ ಮನೆಗಳಲ್ಲಿ ಗದರುತ್ತಾರಲ್ಲ, ಹಾಗೆ.

ಸತ್ತವರನ್ನು ಹೊಗಳುವ ಭಾಷಣಕ್ಕೆ ಲೌದಾತಿಯೋ ಫೂನೆಬ್ರಿಸ್ ಅಂತ ಹೆಸರು. ಅದು ನಡೆಯುತ್ತಿದ್ದದ್ದು ರೋಮಿನ ನಡುಮಧ್ಯದ ಫೋರಂನಲ್ಲಿ, ರೋಸ್ಟ್ರಾ ಅನ್ನುವ ಜಗಲಿಯ ಮೇಲೆ. ರೋಸ್ಟ್ರಾ ಅಂದರೆ ಕೊಕ್ಕುಗಳು. ಕ್ರಿ.ಪೂ. 338ರಲ್ಲಿ ಆಂತಿಯುಂ ಊರಿನವರಿಂದ ಕಿತ್ತುಕೊಂಡ ಹಡಗುಗಳ ಮೂತಿಗಳನ್ನು ಆ ಜಗಲಿಗೆ ಜಡಿದಿದ್ದರು. ಪೊಲಿಬಿಯುಸ್ ಅನ್ನುವ ಗ್ರೀಕ್ ಇತಿಹಾಸಕಾರ ಒತ್ತೆಯಾಳಾಗಿ ರೋಮಿಗೆ ಬಂದು ವರ್ಷಗಟ್ಟಲೆ ಅಲ್ಲೇ ಇದ್ದವನು. ಇಂಥ ಸಾವಿನ ಮೆರವಣಿಗೆಯನ್ನು ಅವನು ಬಾಯಿ ತೆರೆದುಕೊಂಡು ನೋಡಿದ್ದಾನೆ. ದೊಡ್ಡ ಮನೆತನದವರು ಸತ್ತರೆ ಹೆಣವನ್ನು ರೋಸ್ಟ್ರಾಕ್ಕೆ ತರುತ್ತಿದ್ದರು, ಹೆಚ್ಚಾಗಿ ಎಲ್ಲರಿಗೂ ಕಾಣುವ ಹಾಗೆ ನೆಟ್ಟಗೆ ನಿಲ್ಲಿಸಿ. ಮನೆಯ ಗೂಡಿನಲ್ಲಿಟ್ಟಿದ್ದ ಪೂರ್ವಜರ ಮುಖವಾಡಗಳನ್ನು ಹೊರಗೆ ತೆಗೆಯುತ್ತಿದ್ದರು. ಎತ್ತರ, ಮೈಕಟ್ಟು ಹೊಂದುವವರನ್ನು ಹುಡುಕಿ ಅವರಿಗೆ ಹಾಕುತ್ತಿದ್ದರು. ಸತ್ತ ಅಜ್ಜ, ಮುತ್ತಜ್ಜ, ಅವರ ಅಜ್ಜ ಎಲ್ಲ ತಮ್ಮ ತಮ್ಮ ಅಧಿಕಾರದ ಉಡುಪಿನಲ್ಲಿ ರಥದಲ್ಲಿ ಬಂದು, ದಂತದ ಪೀಠಗಳ ಮೇಲೆ ಸಾಲಾಗಿ ಕೂರುತ್ತಿದ್ದರು. ಮಗ ಎದ್ದು ನಿಂತು ಅಪ್ಪನ ಗುಣ, ಸಾಧನೆ ಹೇಳಬೇಕು. ಅದು ಮುಗಿದ ಮೇಲೆ ಕೂತಿರುವ ಪ್ರತಿಯೊಬ್ಬ ಮುತ್ತಜ್ಜನದ್ದೂ ಹೇಳಬೇಕು, ಎಲ್ಲರಿಗಿಂತ ಹಳಬನಿಂದ ಶುರುಮಾಡಿ. ಎದುರಿಗೆ ಮುತ್ತಜ್ಜಂದಿರು ಕೂತಿರುವಾಗ ಮೈಕ್ ಇಲ್ಲದೆ ಮಾತಾಡುವ ಆ ಹುಡುಗನ ಪಾಡು ನೆನೆದರೆ ನನ್ನ ಫೈಲ್ ಎಷ್ಟೋ ಸುಖ.

ಅಂಥ ಒಂದು ಭಾಷಣದ ಸಾರಾಂಶ ಉಳಿದಿದೆ. ಕ್ರಿ.ಪೂ. 221ರಲ್ಲಿ ಕ್ವಿಂತುಸ್ ಮೆತೆಲ್ಲುಸ್ ತನ್ನ ಅಪ್ಪ ಲೂಸಿಯುಸ್ ಬಗ್ಗೆ ಮಾಡಿದ್ದು. ಜಾಣರು ಜೀವನವಿಡೀ ಬಯಸುವ ಹತ್ತು ದೊಡ್ಡ ವಿಷಯಗಳನ್ನು ನಮ್ಮಪ್ಪ ಸಾಧಿಸಿದ ಅನ್ನುತ್ತಾನೆ. ಮೊದಲ ಸಾಲಿನ ಯೋಧ, ಅತ್ಯುತ್ತಮ ಮಾತುಗಾರ, ಅತಿ ಧೀರ ಸೇನಾಪತಿ, ಹೀಗೆ ಸಾಗುತ್ತದೆ. ಎಲ್ಲವೂ 'ಅತಿ', ಎಲ್ಲವೂ 'ಅತ್ಯುತ್ತಮ'. ಲ್ಯಾಟಿನ್ನಿನಲ್ಲಿ ಇದಕ್ಕೆಂದೇ 'ಇಸ್ಸಿಮುಸ್' ಅನ್ನುವ ಬಾಲ ಇದೆ, ಬಹುಪಾಲು ಗುಣಗಳಿಗೆ ಅಂಟಿಸಬಹುದು. ನನಗೆ ಖುಷಿಯಾದದ್ದು ಆ ಪಟ್ಟಿಯ ಎಂಟನೆಯದು: ಒಳ್ಳೇ ದಾರಿಯಲ್ಲಿ ದೊಡ್ಡ ದುಡ್ಡು ಮಾಡಿದ. ಒಂಬತ್ತನೆಯದು, ತುಂಬಾ ಮಕ್ಕಳನ್ನು ಬಿಟ್ಟುಹೋದ. ಮಗ ನಿಂತು ಹೇಳುತ್ತಿರುವುದರಿಂದ ಇದನ್ನು ಅಲ್ಲಗಳೆಯುವವರು ಯಾರು?

ಈಗ ನನ್ನ ವಾಲಿಬಾಲ್ ವಿಷಯಕ್ಕೆ ಬರುತ್ತೇನೆ. ರೋಮಿನ ಹೆಸರಾಂತ ಮಾತುಗಾರ, ರಾಜಕಾರಣಿ ಸಿಸೆರೋ ಕ್ರಿ.ಪೂ. 46ರಲ್ಲಿ ರೋಮಿನ ಭಾಷಣಕಾರರ ಚರಿತ್ರೆ ಬರೆಯುವಾಗ ಈ ಸಾವಿನ ಭಾಷಣಗಳ ಬಗ್ಗೆ ಒಂದು ದೂರು ಹೇಳುತ್ತಾನೆ. ಮನೆತನಗಳು ಹಳೇ ಭಾಷಣಗಳನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತವೆ. ಅದೇ ಮನೆಯಲ್ಲಿ ಇನ್ನೊಬ್ಬರು ಸತ್ತರೆ ಮತ್ತೆ ತೆಗೆದು ಬಳಸುತ್ತವೆ. ಓದುತ್ತಾ ನನಗೆ ನನ್ನ ಫೈಲೇ ಕಣ್ಣೆದುರು ಬಂತು. ಸಿಸೆರೋ ಮುಂದುವರಿಸುತ್ತಾನೆ: ಇವುಗಳಿಂದಲೇ ನಮ್ಮ ಇತಿಹಾಸದಲ್ಲಿ ಸುಳ್ಳು ಹೆಚ್ಚಾಯಿತು. ಆಗದ ಕೆಲಸಗಳು ಅವುಗಳಲ್ಲಿವೆ. ನಡೆಯದ ವಿಜಯೋತ್ಸವಗಳು, ಇದ್ದದ್ದಕ್ಕಿಂತ ಜಾಸ್ತಿ ಕಾನ್ಸುಲ್ ಅನ್ನುವ ಅತ್ಯುನ್ನತ ಅಧಿಕಾರದ ಪದವಿಗಳು, ಸುಳ್ಳು ವಂಶಾವಳಿಗಳು. ತನ್ನನ್ನೇ ಉದಾಹರಣೆ ಮಾಡಿಕೊಳ್ಳುತ್ತಾನೆ. ರಾಜರನ್ನು ಓಡಿಸಿದ ಹತ್ತನೇ ವರ್ಷ ತುಲ್ಲಿಯುಸ್ ಅನ್ನುವ ಹೆಸರಿನವನು ಕಾನ್ಸುಲ್ ಆಗಿದ್ದ, ನಾನೂ ತುಲ್ಲಿಯುಸ್, ಹಾಗಾಗಿ ಅವನ ವಂಶದವನು ಅಂದುಬಿಟ್ಟ ಹಾಗೆ ಇದು! ಆಮೇಲೆ ಬಂದ ಇತಿಹಾಸಕಾರ ಲಿವಿಯೂ ಇದೇ ಗೋಳು ಹೇಳಿಕೊಂಡಿದ್ದಾನೆ. ಯುದ್ಧ ಗೆದ್ದದ್ದು ಯಾರು ಅಂತ ತಿಳಿಯುವುದೇ ಕಷ್ಟ, ಪ್ರತಿ ಮನೆಯವರೂ ತಮ್ಮವನೇ ಅನ್ನುತ್ತಾರೆ ಅಂತ.

ವ್ಯಾಟಿಕನ್ ಮ್ಯೂಸಿಯಮ್ಮಿನಲ್ಲಿ ಇದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಕ್ರಿ.ಪೂ. 298ರಲ್ಲಿ ಕಾನ್ಸುಲ್ ಆಗಿದ್ದ ಸ್ಕಿಪಿಯೋ ಬಾರ್ಬಾತುಸ್‌ನ ಕಲ್ಲಿನ ಶವಪೆಟ್ಟಿಗೆ. ಬಾರ್ಬಾತುಸ್ ಅಂದರೆ ಗಡ್ಡದವನು. ಮುಂಭಾಗದಲ್ಲಿ ಪದ್ಯ ಕೊರೆದಿದ್ದಾರೆ. ಧೀರ, ವಿವೇಕಿ, ಅವನ ರೂಪ ಅವನ ಗುಣಕ್ಕೆ ಸರಿಸಮ. ದಕ್ಷಿಣದ ಸಾಮ್ನಿಯುಂನಲ್ಲಿ ಎರಡು ಊರು ಗೆದ್ದ, ಲುಕಾನಿಯಾವನ್ನು ಇಡಿಯಾಗಿ ಬಗ್ಗಿಸಿ ಒತ್ತೆಯಾಳುಗಳನ್ನು ತಂದ. ಲಿವಿಯ ಇತಿಹಾಸ ತೆಗೆದರೆ ಆ ವರ್ಷ ಈ ಗಡ್ಡದವನು ಕಾದಾಡುತ್ತಿರುವುದು ಉತ್ತರದ ಎತ್ರೂರಿಯಾದಲ್ಲಿ! ಲುಕಾನಿಯಾದವರೋ ತಾವಾಗಿಯೇ ಬಂದು ಒತ್ತೆಯಾಳು ಕೊಟ್ಟರಂತೆ. ಯಾರದ್ದು ನಿಜ ಅಂತ ಪಂಡಿತರು ಇನ್ನೂ ಜಗಳ ಆಡುತ್ತಿದ್ದಾರೆ.

ಗೋರಿಯ ಮೇಲಿನ ಇಂಥ ಬರಹಕ್ಕೆ ಎಲೋಗಿಯುಂ ಅಂತ ಹೆಸರು. ಇಂಗ್ಲಿಷಿನ ಯೂಲಜಿಯ ಅಣ್ಣನೋ ತಮ್ಮನೋ ಇರಬೇಕು ಅಂದುಕೊಂಡಿದ್ದೆ. ಅಲ್ಲ. ಯೂಲಜಿ ಹುಟ್ಟಿದ್ದು 'ಒಳ್ಳೇ ಮಾತು' ಅನ್ನುವ ಅರ್ಥದ ಗ್ರೀಕ್ ಪದದಿಂದ. ಎಲೋಗಿಯುಂನ ಮೂಲ ಬೇರೆ. ಆಮೇಲಿನ ಕಾಲದಲ್ಲಿ ಎರಡೂ ಸೇರಿ ಕಲಸುಮೇಲೋಗರ ಆಗಿವೆ. ಆದರೆ ಎಲೋಗಿಯುಂನ ಇನ್ನೊಂದು ಜೇಬಿಗೆ ಕೈ ಹಾಕಿ ನೋಡಿ. ಉಯಿಲಿನಲ್ಲಿ ಮಗನಿಗೆ ಆಸ್ತಿ ಕೊಡುವುದಿಲ್ಲ ಅಂತ ಕಾರಣ ಬರೆದರೆ ಆ ಸಾಲಿಗೂ ಎಲೋಗಿಯುಂ ಅಂತಲೇ ಅನ್ನುತ್ತಿದ್ದರು. ಕಳ್ಳನನ್ನು ಹಿಡಿದು ಮೇಲಧಿಕಾರಿಗೆ ಕಳಿಸುವಾಗ ಜೊತೆಗಿಡುವ ಆರೋಪದ ಕಾಗದವೂ ಎಲೋಗಿಯುಂ. ಬಿನ್ನವತ್ತಳೆಗೂ ಚಾರ್ಜ್‌ಶೀಟಿಗೂ ಒಂದೇ ಪದ! ಸರ್ಕಾರಿ ಕೆಲಸದಲ್ಲಿ ಇರುವವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ.

ಇದಕ್ಕಿಂತ ಮಜಾ 'ಎತ್ತುವ' ಪದಗಳದ್ದು. ಎಫೆರ್ರೆ ಅಂದರೆ ಹೊರಗೆ ಒಯ್ಯುವುದು, ಮೇಲೆ ಎತ್ತುವುದು. ಹೊಗಳಿ ಮೇಲೇರಿಸುವುದಕ್ಕೂ ಇದೇ ಪದ, ಮನೆಯಿಂದ ಹೆಣ ಎತ್ತುವುದಕ್ಕೂ ಇದೇ ಪದ. ನಾವೂ ಹೊಗಳಿ ಅಟ್ಟಕ್ಕೇರಿಸುತ್ತೇವೆ, ಆದರೆ ನಮ್ಮ ಅಟ್ಟದಲ್ಲಿ ಹಳೇ ಪಾತ್ರೆ ಮಾತ್ರ ಇರುತ್ತದೆ. ತೊಲ್ಲೆರೆ ಇನ್ನೂ ಒಂದು ಕೈ ಮೇಲು. ಎತ್ತರಕ್ಕೇರಿಸು ಅಂತಲೂ ಅರ್ಥ, ಎತ್ತಂಗಡಿ ಮಾಡು, ಮುಗಿಸಿಬಿಡು ಅಂತಲೂ ಅರ್ಥ.

ಈ ಪದದಿಂದ ಒಬ್ಬನ ತಲೆಯೇ ಹೋಯಿತು ಅನ್ನಬಹುದು. ಕ್ರಿ.ಪೂ. 43. ಸೀಸರ್ ಕೊಲೆಯಾಗಿ ಒಂದು ವರ್ಷ ಕಳೆದಿದೆ. ಅವನ ದತ್ತುಮಗ ಆಕ್ಟೇವಿಯನ್‌ಗೆ 19 ವರ್ಷ. ಮುದುಕ ಸಿಸೆರೋಗೆ ಈ ಹುಡುಗ ಸದ್ಯಕ್ಕೆ ಬೇಕು, ಆಮೇಲೆ ಬೇಡ. ಮೇ ತಿಂಗಳಲ್ಲಿ ದೇಕಿಮುಸ್ ಬ್ರೂತುಸ್, ಸೀಸರ್‌ನನ್ನು ಕೊಂದವರಲ್ಲೊಬ್ಬ, ಸಿಸೆರೋಗೆ ಕಾಗದ ಬರೆಯುತ್ತಾನೆ. ನೀವು ಹೀಗೆ ಅಂದಿರಂತೆ ಅಂತ ಆ ಹುಡುಗನ ಕಿವಿಗೆ ಯಾರೋ ಹಾಕಿದ್ದಾರೆ, ಹುಷಾರು! ಅಂದದ್ದು ಮೂರೇ ಮಾತು: "ಹುಡುಗನನ್ನು ಹೊಗಳಬೇಕು, ಅಲಂಕರಿಸಬೇಕು, ಎತ್ತಬೇಕು." ಕೊನೆಯ ಮಾತು ತೊಲ್ಲೆಂದುಂ. ಎತ್ತಬೇಕು ಅಂದರೆ ಯಾವ ಎತ್ತು? ಹುಡುಗನಿಗೆ ಅರ್ಥವಾಯಿತು. ನನ್ನನ್ನು ಎತ್ತಲು ಬಿಡುವುದಿಲ್ಲ ಅಂದನಂತೆ. ಅದೇ ವರ್ಷ ಅವನು ಆಂಟನಿ ಮತ್ತು ಲೆಪಿದುಸ್ ಜೊತೆ ಸೇರಿ ಕೊಲ್ಲಬೇಕಾದವರ ಪಟ್ಟಿ ಮಾಡಿದ. ಡಿಸೆಂಬರ್ 7ಕ್ಕೆ ಸಿಸೆರೋ ಮುಗಿದ. ಅವನ ತಲೆ, ಕೈಗಳನ್ನು ತಂದು ಪ್ರದರ್ಶನಕ್ಕೆ ಇಟ್ಟದ್ದು ರೋಸ್ಟ್ರಾದ ಮೇಲೆ. ಹೊಗಳಿಕೆಯ ಭಾಷಣ ನಡೆಯುತ್ತಿದ್ದ ಅದೇ ಜಗಲಿ.

ಮುಖಸ್ತುತಿಗೆ ಲ್ಯಾಟಿನ್ನಿನಲ್ಲಿ ಆದುಲಾತಿಯೋ ಅಂತಾರೆ. ನಾಯಿ ಬಾಲ ಅಲ್ಲಾಡಿಸಿಕೊಂಡು ಕಾಲು ಕಾಲಿಗೆ ಸುತ್ತುವುದಕ್ಕೂ ಅದೇ ಪದ. ಇನ್ನೊಂದು ಅಸೆಂತಾತಿಯೋ, ಅಂದಿದ್ದಕ್ಕೆಲ್ಲ ಹೂಂ ಅನ್ನುವುದು. ಕ್ರಿ.ಪೂ. 161ರಲ್ಲಿ ಆಡಿಸಿದ ತೆರೆನ್ಸ್‌ನ ಒಂದು ನಾಟಕದಲ್ಲಿ ಗ್ನಾಥೋ ಅನ್ನುವ ಪರಾನ್ನಭೋಜಿ ತನ್ನ ಕಸುಬಿನ ಗುಟ್ಟು ಬಿಚ್ಚಿಡುತ್ತಾನೆ. ಅವರು ಏನಂದರೂ ಹೊಗಳ್ತೀನಿ. ಅದನ್ನೇ ಅವರು ಅಲ್ಲ ಅಂದರೆ, ಅದನ್ನೂ ಹೊಗಳ್ತೀನಿ. ಹೌದಪ್ಪ ಅಂದರೆ ನಾನೂ ಹೌದಪ್ಪ, ಅಲ್ಲಪ್ಪ ಅಂದರೆ ನಾನೂ ಅಲ್ಲಪ್ಪ. ಇವನನ್ನು ನಾನು ಖುದ್ದಾಗಿ ಬಲ್ಲೆ, ನಮ್ಮ ಪಕ್ಕದ ಸೆಕ್ಷನ್‌ನಲ್ಲೇ ಇದ್ದಾನೆ.

ಕೋರ್ಟಿನಲ್ಲೂ ಹೊಗಳುವವರು ಬೇಕಾಗುತ್ತಿದ್ದರು. ಆರೋಪಿಯ ಪರವಾಗಿ ಬಂದು 'ಇವನು ಒಳ್ಳೆಯವನು' ಅನ್ನುವ ಲೌದಾತೋರ್‌ಗಳು. ವಾಡಿಕೆಯ ಲೆಕ್ಕ ಹತ್ತು ಜನ. ಹತ್ತು ಜನ ಸಿಗದಿದ್ದರೆ ಒಬ್ಬರನ್ನೂ ಕರೆಯದಿರುವುದೇ ಮರ್ಯಾದೆ ಅಂತ ಸಿಸೆರೋ ಕುಟುಕಿದ್ದಾನೆ. ಸಿಸಿಲಿಯನ್ನು ದೋಚಿದ ವೆರೆಸ್ ಮೇಲೆ ಕ್ರಿ.ಪೂ. 70ರಲ್ಲಿ ಕೇಸು ನಡೆದಾಗ ಮೆಸ್ಸಾನಾ ಊರಿನವರು ಅವನನ್ನು ಹೊಗಳಲು ನಿಯೋಗ ಕಳಿಸಿದ್ದರು. ಅದರ ಮುಖಂಡ ಹೇಯುಸ್. ಪ್ರಶ್ನೆ ಕೇಳಿದರೆ ಅವನು ಒಪ್ಪಿಕೊಂಡದ್ದೇನು? ನಮ್ಮನೆ ದೇವರಕೋಣೆಯ ವಿಗ್ರಹಗಳನ್ನೂ ಇವನು ಹೊತ್ತುಕೊಂಡು ಹೋದ ಅಂತ. ಹೊಗಳಲು ಬಂದವನು!

ಇನ್ನೊಂದು ಕಥೆ, ನನ್ನಂಥ ಬರೆದುಕೊಡುವವರದ್ದು. ಕ್ರಿ.ಶ. 54ರಲ್ಲಿ ಚಕ್ರವರ್ತಿ ಕ್ಲೌಡಿಯುಸ್ ಸತ್ತ. ಹದಿನಾರರ ಹುಡುಗ ನೀರೋ ಹೊಗಳಿಕೆಯ ಭಾಷಣ ಓದಿದ, ಬರೆದುಕೊಟ್ಟದ್ದು ಸೆನೆಕಾ. ವಂಶದ ಹಿರಿಮೆ, ಪೂರ್ವಜರ ವಿಜಯಗಳು ಅಂತ ಹೇಳುವವರೆಗೂ ಎಲ್ಲರೂ ಗಂಭೀರವಾಗಿ ಕೇಳಿದರು. ಸತ್ತವರ ದೂರದೃಷ್ಟಿ, ವಿವೇಕ ಅಂತ ಶುರುವಾದದ್ದೇ ತಡ, ಯಾರಿಗೂ ನಗು ತಡೆಯಲಾಗಲಿಲ್ಲ. ಭಾಷಣ ಮಾತ್ರ ಬಹಳ ಸೊಗಸಾಗಿತ್ತು ಅಂತ ಇತಿಹಾಸಕಾರ ತಾಸಿತುಸ್ ಬರೆಯುತ್ತಾನೆ. ಅದೇ ಸೆನೆಕಾ ಕ್ಲೌಡಿಯುಸ್ ಸಾವನ್ನು ಹೀಯಾಳಿಸಿ ಒಂದು ಅಣಕು ಬರಹವನ್ನೂ ಬರೆದ. ಹಗಲು ಬಿನ್ನವತ್ತಳೆ, ರಾತ್ರಿ ಇದು.

ದುಡ್ಡಿಗೆ ಅಳುವ ಹೆಂಗಸರಿಗೆ ಪ್ರೈಫಿಕಾ ಅಂತ ಹೆಸರು. ಅವರು ಹಾಡುವ ಶೋಕಗೀತೆ ನೇನಿಯಾ. ಬರುಬರುತ್ತಾ ನೇನಿಯಾ ಅಂದರೆ ಕೆಲಸಕ್ಕೆ ಬಾರದ ಹಾಡು, ಒಣಹರಟೆ ಅಂತಲೂ ಆಯಿತು. ಪ್ರೈಫಿಕಾ ಬೇರೆಯವರನ್ನೆಲ್ಲ ಹೊಗಳುತ್ತಾಳೆ, ತನ್ನನ್ನು ಮಾತ್ರ ಹೊಗಳಿಕೊಳ್ಳಲಾರಳು ಅಂತ ಪ್ಲೌತುಸ್‌ನ ನಾಟಕವೊಂದರಲ್ಲಿ ಮಾತು ಬರುತ್ತದೆ. ನಾನು ರಿಟೈರ್ ಆಗುವ ದಿನ ಬಿನ್ನವತ್ತಳೆ ಬರೆಯುವವರು ಯಾರು ಅನ್ನುವ ಯೋಚನೆ ಆಗಲೇ ಬಂದದ್ದು.

ಇಷ್ಟೆಲ್ಲ ಅನುಮಾನದ ನಡುವೆ ಎರಡು ಮೂರು ಕಲ್ಲುಗಳ ಮುಂದೆ ಮಾತ್ರ ನಾನು ಸುಮ್ಮನಾದೆ. ಮೂರೂ ಹೆಂಗಸರವು. ಒಂದು ಕ್ಲೌದಿಯಾ ಅನ್ನುವವಳದ್ದು, ಕ್ರಿ.ಪೂ. 2ನೇ ಶತಮಾನದ್ದು. ದಾರಿಹೋಕನನ್ನು ಕಲ್ಲೇ ಮಾತಾಡಿಸುತ್ತದೆ. ಹೇಳುವುದು ಸ್ವಲ್ಪವೇ ಇದೆ, ನಿಂತು ಓದು. ಚೆಂದದ ಹೆಂಗಸಿನ ಚೆಂದವಲ್ಲದ ಗೋರಿ ಇದು. ಅಪ್ಪ ಅಮ್ಮ ಕ್ಲೌದಿಯಾ ಅಂತ ಹೆಸರಿಟ್ಟರು. ಗಂಡನನ್ನು ಮನಸಾರೆ ಪ್ರೀತಿಸಿದಳು. ಇಬ್ಬರು ಗಂಡುಮಕ್ಕಳು, ಒಬ್ಬನನ್ನು ನೆಲದ ಮೇಲೆ ಬಿಟ್ಟುಹೋಗಿದ್ದಾಳೆ, ಒಬ್ಬನನ್ನು ನೆಲದ ಕೆಳಗೆ ಇಟ್ಟಿದ್ದಾಳೆ. ಮಾತು ಸೊಗಸು, ನಡಿಗೆ ಹಿತ. ಮನೆ ನೋಡಿಕೊಂಡಳು. ಉಣ್ಣೆ ನೂತಳು. ಹೇಳಿದ್ದಾಯ್ತು, ಹೊರಡು.

'ಇಸ್ಸಿಮುಸ್' ಒಂದೂ ಇಲ್ಲ!

ಎರಡನೆಯದು ಮುರ್ದಿಯಾ ಅನ್ನುವ ತಾಯಿಗೆ ಮಗ ಬರೆಸಿದ್ದು. ಒಳ್ಳೇ ಹೆಂಗಸರ ಹೊಗಳಿಕೆ ಎಲ್ಲ ಒಂದೇ ಥರ, ಸರಳವಾಗಿಯೇ ಇರುತ್ತದೆ ಅಂತ ಅವನೇ ಒಪ್ಪಿಕೊಂಡುಬಿಡುತ್ತಾನೆ. ಆದರೂ ಅಮ್ಮ ಉಯಿಲಿನಲ್ಲಿ ಗಂಡುಮಕ್ಕಳಿಗೆಲ್ಲ ಸಮಪಾಲು ಮಾಡಿ, ಮಗಳಿಗೂ ಪಾಲಿಟ್ಟದ್ದನ್ನು ಕಲ್ಲಿನಲ್ಲಿ ಕೊರೆಸಿದ್ದಾನೆ. ಪಾಲು ಸಿಕ್ಕವನಿಗೆ ಅದು ಮರೆಯುತ್ತದೆಯೇ?

ಮೂರನೆಯದು ಎಲ್ಲಕ್ಕಿಂತ ಉದ್ದ. ಪಂಡಿತರು 'ತೂರಿಯಾಳ ಲೌದಾತಿಯೋ' ಅನ್ನುತ್ತಾರೆ, ಆಕೆ ತೂರಿಯಾಳೇ ಅನ್ನುವುದಕ್ಕೆ ಪುರಾವೆ ಇಲ್ಲ. ಹೆಸರಿದ್ದ ತುಂಡು ಕಳೆದುಹೋಗಿದೆ. ಕ್ರಿ.ಪೂ. 1ನೇ ಶತಮಾನದ ಕೊನೆಯಲ್ಲಿ ಗಂಡ ಬರೆಸಿದ್ದು. ಅವನು 'ಅವಳು' ಅನ್ನುವುದಿಲ್ಲ, 'ನೀನು' ಅಂತಲೇ ಮಾತಾಡುತ್ತಾನೆ. ನಿನ್ನ ಪಾತಿವ್ರತ್ಯ, ಉಣ್ಣೆ ನೂತದ್ದು, ಸರಳ ಉಡುಗೆ ಇದನ್ನೆಲ್ಲ ಯಾಕೆ ಹೇಳಲಿ ಅಂತ ಕೇಳಿ ಪಕ್ಕಕ್ಕಿಟ್ಟುಬಿಡುತ್ತಾನೆ. ಅವು ಫೈಲಿನ ಸಾಲುಗಳು ಅಂತ ಅವನಿಗೂ ಗೊತ್ತು. ಆಮೇಲೆ ಶುರುಮಾಡುತ್ತಾನೆ. ಮದುವೆಗೆ ಮುಂಚೆ ನಿನ್ನ ಅಪ್ಪ ಅಮ್ಮನ ಕೊಲೆಯಾಯಿತು, ನೀನು ಬಿಡದೆ ನ್ಯಾಯ ಪಡೆದೆ. ನಾನು ತಲೆಮರೆಸಿಕೊಂಡಿದ್ದಾಗ ಮೈಮೇಲಿನ ಚಿನ್ನ, ಮುತ್ತು ಬಿಚ್ಚಿ ಕಳಿಸಿದೆ. ನನ್ನ ಕ್ಷಮಾದಾನಕ್ಕಾಗಿ ಲೆಪಿದುಸ್‌ನ ಕಾಲಿಗೆ ಬಿದ್ದಾಗ ನಿನ್ನನ್ನು ಎಳೆದಾಡಿದರು, ಮೈ ತುಂಬ ಬಾಸುಂಡೆ. ಆದರೂ ಎಲ್ಲರಿಗೂ ಕೇಳುವ ಹಾಗೆ ಸೀಸರ್‌ನ, ಅಂದರೆ ಆಕ್ಟೇವಿಯನ್‌ನ, ಆಜ್ಞೆಯನ್ನು ಅವನಿಗೆ ನೆನಪಿಸಿದೆ. ಮಕ್ಕಳಾಗಲಿಲ್ಲ. ವಿಚ್ಛೇದನ ಕೊಡುತ್ತೇನೆ, ಬೇರೆಯವಳನ್ನು ನಾನೇ ಹುಡುಕಿಕೊಡುತ್ತೇನೆ, ತಂಗಿಯ ಹಾಗೆ ಇದ್ದುಬಿಡುತ್ತೇನೆ ಅಂತ ನೀನೇ ಅಂದೆ. ಅದನ್ನು ಕೇಳಿ ನನಗೆ ಹುಚ್ಚೇ ಹಿಡಿದ ಹಾಗಾಯಿತು. ಒಟ್ಟು 41 ವರ್ಷದ ಸಂಸಾರ. ವಯಸ್ಸಿನಲ್ಲಿ ದೊಡ್ಡವನು ನಾನು, ಮೊದಲು ಹೋಗಬೇಕಾದವನೂ ನಾನೇ ಆಗಿದ್ದೆ.

ಹೊಗಳಿಕೆಯ ಪದಗಳಲ್ಲಿ ನಮಗೆ ನಂಟಿರುವುದೂ ಒಂದಿದೆ. ಗ್ರಾತುಸ್, ಗ್ರಾತಿಯಾ. ಮೆಚ್ಚುಗೆ, ಕೃತಜ್ಞತೆ. ಸಂಸ್ಕೃತದಲ್ಲಿ ಹಾಡಿ ಹೊಗಳುವ 'ಗಿರ್' ಇದೆಯಲ್ಲ, ಗೀರ್ವಾಣ ಅನ್ನುವಾಗ ಮೊದಲಿಗೆ ಬರುವುದು, ಅದೂ ಇದೂ ಒಂದೇ ಬೇರಿನವು. ಗೀರ್ವಾಣ ಭಾಷೆಯಲ್ಲಿ ಬಿನ್ನವತ್ತಳೆ ಬರೆಸಿಕೊಂಡವರಿಗೆ ಇದನ್ನು ಹೇಳಬಹುದು.

ಹೋದ ವರ್ಷ ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ತೀರಿಕೊಂಡರು. ಹನ್ನೊಂದನೇ ದಿನದ ಊಟಕ್ಕೆ ನಾವು ನಾಲ್ಕೈದು ಜನ ಹೋಗಿದ್ದೆವು. ಮನೆ ಮುಂದೆ ದೊಡ್ಡ ಫ್ಲೆಕ್ಸ್, ಅದರಲ್ಲಿ ಪೇಟ ತೊಟ್ಟ ಬೀಳ್ಕೊಡುಗೆ ದಿನದ ಫೋಟೋ. ಕೆಳಗೆ ಬರೆದಿತ್ತು: 'ದಕ್ಷ ಅಧಿಕಾರಿ, ವಾಲಿಬಾಲ್ ಪಟು'. ಹಾಲಿನ ಗೋಡೆಯ ಮೇಲೆ ನನ್ನ ಫ್ರೇಮ್ ನೇತಾಡುತ್ತಿತ್ತು, ಅದಕ್ಕೂ ಒಂದು ಹಾರ. ಅವರ ಭಾವಮೈದುನ ನಾಲ್ಕು ಮಾತಾಡಿದರು. ಭಾವ ಆಟದ ವಿಷಯ ಮನೆಯಲ್ಲಿ ಹೇಳಿಕೊಂಡವರೇ ಅಲ್ಲ, ಅಷ್ಟು ನಿಗರ್ವಿ ಅಂದರು. ನಾನು ಎಲೆ ಮೇಲಿನ ಪಾಯಸ ನೋಡುತ್ತಾ ಕೂತಿದ್ದೆ.

ಕೈ ತೊಳೆಯುವಾಗ ಮೊಮ್ಮಗ ಬಂದು ಪಕ್ಕದಲ್ಲಿ ನಿಂತ. ಏಳನೇ ಕ್ಲಾಸಂತೆ. ಈ ವರ್ಷ ಸ್ಕೂಲಿನ ವಾಲಿಬಾಲ್ ಟೀಮಿಗೆ ಸೇರಿದ್ದಾನಂತೆ, ತಾತನ ಹಾಗೆ.

"ಅಂಕಲ್, ಇದನ್ನ ಬರೆದಿದ್ದು ನೀವಂತೆ. ತಾತ ಯಾವುದರಲ್ಲಿ ಸ್ಟ್ರಾಂಗ್ ಇದ್ರು?"

ಮೂವತ್ತನಾಲ್ಕು ವರ್ಷ ಒಂದೇ ಒಂದು ಮೆಮೋ ಬರಲಿಲ್ಲ ಆ ಮನುಷ್ಯನಿಗೆ. ಸಾಬೂನಿನ ಕೈಯಲ್ಲೇ ಒಂದು ಗಳಿಗೆ ನಿಂತೆ.

"ಸರ್ವಿಸ್," ಅಂದೆ. "ನಿಮ್ಮ ತಾತನ ಸರ್ವಿಸ್ ತುಂಬಾ ಚೆನ್ನಾಗಿತ್ತು."